ಇಮ್ಮಡಿಯಾಗುವುದು ಎಂದಿಗೆ?

ಅಂಚೆ ಕಚೇರಿಯಲ್ಲಿ ದೊರೆಯುವ ಕಿಸಾನ್ ವಿಕಾಸ ಪತ್ರದ ಹೆಸರನ್ನು ಕೇಳದ ಗೃಹಸ್ಥರು ನಮ್ಮಲ್ಲಿ ವಿರಳ. ಹೆಸರು ರೈತನದಾದರೂ ಅದನ್ನು ಕೊಂಡು ಬೀರುವಿನಲ್ಲಿ ಭದ್ರಪಡಿಸಿದವರಲ್ಲಿ ಪಟ್ಟಣದ ಗುಮಾಸ್ತರೂ ಉಪಾಧ್ಯಾಯರೂ ಕಡಮೆಯೇನಲ್ಲ. ಇತರ ಯೋಜನೆಗಳು ನೂರಕ್ಕೆ ಇಷ್ಟು ಬಡ್ಡಿ ಎಂದು ಸಾರಿದರೆ, ಈ ಪತ್ರವು ಇಷ್ಟು ಕಾಲಕ್ಕೆ ನಿಮ್ಮ ಹಣ ಇಮ್ಮಡಿ ಎಂದು ಸಾರುತ್ತದೆ. 1988ರಲ್ಲಿ ಅದು ಆರಂಭವಾದಾಗ ಆ ಕಾಲ ಐದೂವರೆ ವರ್ಷ. 2011ರಲ್ಲಿ ನಿಂತುಹೋಗಿ 2014ರಲ್ಲಿ ಮರಳಿ ಬಂದಾಗ 100 ತಿಂಗಳು. 2023ರ ಏಪ್ರಿಲಿನಲ್ಲಿ ಬಡ್ಡಿಯ ದರ ನೂರಕ್ಕೆ ಏಳೂವರೆ ಎಂದು ಗೊತ್ತಾದಾಗ 115 ತಿಂಗಳು.

ಈ 115 ಎಂಬ ಅಂಕೆ ಎಲ್ಲಿಂದ ಬಂದಿತು? ಸರಳ ಬಡ್ಡಿಯ ಲೆಕ್ಕ ಹಾಕಿದರೆ ನೂರು ರೂಪಾಯಿಗೆ ವರ್ಷಕ್ಕೆ ಏಳೂವರೆಯಂತೆ ಇನ್ನೊಂದು ನೂರು ಕೂಡಲು 13 ವರ್ಷ 4 ತಿಂಗಳು, ಎಂದರೆ 160 ತಿಂಗಳು ಬೇಕು. ಚಕ್ರಬಡ್ಡಿಯಾದುದರಿಂದ ಬೇಗ ಮುಗಿಯುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಎಷ್ಟು ಬೇಗ? 113 ಏಕಲ್ಲ, 120 ಏಕಲ್ಲ? ಹಣಕಾಸಿನ ಇಲಾಖೆಯವರು ಯಾವುದೋ ದೊಡ್ಡ ಯಂತ್ರದಿಂದ ತೆಗೆದ ರಹಸ್ಯವಿದು ಎಂದು ಭಾವಿಸಬೇಕಾಗಿಲ್ಲ. ಹೈಸ್ಕೂಲಿನ ಹುಡುಗನೊಬ್ಬ ಅರ್ಧ ನಿಮಿಷದಲ್ಲಿ ತೆಗೆಯಬಹುದಾದ ಉತ್ತರ. ಅದಕ್ಕೆ ಬೇಕಾದ ಉಪಕರಣದ ಹೆಸರು ಲಾಗರಿದಮ್.

ಇಲ್ಲಿ ವಾಚಕರು ಹುಬ್ಬೇರಿಸಿಯಾರು. ಕನ್ನಡ ಪಾಠ ಹೇಳುವವನಿಗೆ ಲಾಗರಿದಮ್ಮಿನ ಉಸಾಬರಿ ಏಕೆ? ಕಾರಣವುಂಟು. ಅದು ಮೂಡಬಿದಿರೆಯ ತಾಳೆಗರಿಗಳ ದಾರಿಯಿಂದ ಬಂದುದು. ಆ ಮಾತಿಗೆ ಸ್ವಲ್ಪದರಲ್ಲೇ ಬರುತ್ತೇನೆ. ಸದ್ಯಕ್ಕೆ ಲಾಗ್ ಟೇಬಲ್ ಎಂದೊಡನೆ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯೂ, ಅಂಚು ಹರಿದ ಕ್ಲಾರ್ಕ್ಸ್ ಟೇಬಲ್ಲೂ, ಬೆರಳಿಟ್ಟ ಸಾಲು ತಪ್ಪಿದ ಸಂಕಟವೂ ನೆನಪಾಗುವವರು ಆ ನೆನಪನ್ನು ಸ್ವಲ್ಪ ಹೊತ್ತು ಬದಿಗಿರಿಸಬೇಕೆಂದು ಪ್ರಾರ್ಥನೆ. ಆ ಪುಸ್ತಕದಲ್ಲಿದ್ದುದು ಉತ್ತರಗಳು ಮಾತ್ರ. ಪ್ರಶ್ನೆ ಏನೆಂಬುದನ್ನು ನಮಗೆ ಹೇಳಿಕೊಟ್ಟವರು ಕಡಮೆ.

ಪ್ರಶ್ನೆ ಇಷ್ಟೆ. ಹತ್ತು ಸಾವಿರ ರೂಪಾಯಿಯನ್ನು ನೂರಕ್ಕೆ ಏಳೂವರೆಯಂತೆ ಇಟ್ಟರೆ ವರ್ಷಾಂತ್ಯಕ್ಕೆ 10,750. ಎಂದರೆ ಪ್ರತಿವರ್ಷವೂ ಇದ್ದ ಮೊತ್ತವನ್ನು 1.075ರಿಂದ ಗುಣಿಸಿದಂತೆ. ಎರಡನೆಯ ವರ್ಷಕ್ಕೆ 11,556. ಹೀಗೆಯೇ ಗುಣಿಸುತ್ತ ಹೋದರೆ 9 ವರ್ಷಕ್ಕೆ 19,172, 10 ವರ್ಷಕ್ಕೆ 20,610. ವರ್ಷಗಳ ಸಂಖ್ಯೆಯನ್ನು ಕೊಟ್ಟು ‘ಎಷ್ಟಾಗುತ್ತದೆ?’ ಎಂದು ಕೇಳಿದರೆ ತಾಳ್ಮೆಯುಳ್ಳವರಾರೂ ಗುಣಿಸಿ ಹೇಳಬಲ್ಲರು. ಆದರೆ ಮನೆ ನಡೆಸುವವರು ಕೇಳುವುದು ಬೇರೆ. ಅವರಿಗೆ ಬೇಕಾದ ಮೊತ್ತ ಮೊದಲೇ ಗೊತ್ತು. ಮದುವೆಗೆ ಇಷ್ಟು, ಮಗನ ಓದಿಗೆ ಇಷ್ಟು ಎಂದು. ಅವರ ಪ್ರಶ್ನೆ ‘ಅದು ಎಂದಿಗಾಗುತ್ತದೆ?’ ಎಂಬುದು. ಎಷ್ಟು ಸಲ ಗುಣಿಸಿದರೆ ಅಲ್ಲಿಗೆ ತಲುಪುತ್ತೇವೆ? ಈ ‘ಎಷ್ಟು ಸಲ’ ಎಂಬ ಸಂಖ್ಯೆಯೇ ಲಾಗರಿದಮ್. ಅದಕ್ಕಿಂತ ಹೆಚ್ಚಿನ ಗುಟ್ಟು ಆ ಪದದಲ್ಲಿಲ್ಲ.

ಇನ್ನು ಮೂಡಬಿದಿರೆಯ ಮಾತು. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಹೊರಜಗತ್ತಿನ ಕಣ್ಣಿಗೆ ಬೀಳದೆ ಭದ್ರವಾಗಿದ್ದ ತಾಳೆಗರಿಗಳಲ್ಲಿ ‘ಷಟ್ಖಂಡಾಗಮ’ವೆಂಬ ಜೈನ ಸಿದ್ಧಾಂತಗ್ರಂಥವೂ ಅದಕ್ಕೆ ವೀರಸೇನಾಚಾರ್ಯರು ಬರೆದ ‘ಧವಲಾ’ ಟೀಕೆಯೂ ಉಂಟು. ಟೀಕೆಯ ಭಾಷೆ ಸಂಸ್ಕೃತ ಬೆರೆತ ಪ್ರಾಕೃತ. ಗರಿಗಳ ಮೇಲಿನ ಲಿಪಿ ಮಾತ್ರ ನಮ್ಮ ಹಳಗನ್ನಡದ್ದು. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದ ಆದಿಭಾಗದಲ್ಲಿ ಮುಗಿದುದೆಂದು ಸಾಮಾನ್ಯವಾಗಿ ಹೇಳುವ ಈ ಟೀಕೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ 16 ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಬರುವ ಒಂದು ಪಾರಿಭಾಷಿಕ ಶಬ್ದ ‘ಅರ್ಧಚ್ಛೇದ’. ಅರ್ಧ, ಛೇದ ಎಂಬೆರಡು ಪದ ಸೇರಿ ನಡುವೆ ಚಕಾರ ಬಂದ ಸಂಧಿ ಎಂದು ತರಗತಿಯಲ್ಲಿ ಹೇಳಿ ಮುಂದೆ ಸಾಗಬಹುದು. ಅರ್ಥವನ್ನು ನೋಡಿದರೆ ಮುಂದೆ ಸಾಗುವ ಮನಸ್ಸಾಗುವುದಿಲ್ಲ. ಒಂದು ಸಂಖ್ಯೆಯನ್ನು ಅರ್ಧರ್ಧವಾಗಿ ಕತ್ತರಿಸುತ್ತ ಹೋದರೆ ಒಂದು ಉಳಿಯಲು ಎಷ್ಟು ಸಲ ಕತ್ತರಿಸಬೇಕೋ ಅದು ಆ ಸಂಖ್ಯೆಯ ಅರ್ಧಚ್ಛೇದ. ಎಂಟನ್ನು ಕತ್ತರಿಸಿದರೆ ನಾಲ್ಕು, ಎರಡು, ಒಂದು: ಮೂರು ಸಲ. ಆದಕಾರಣ 8ರ ಅರ್ಧಚ್ಛೇದ 3, 16ರದು 4, 64ರದು 6. ಮೂರರಿಂದ ಕತ್ತರಿಸಿದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ ಎಂದೂ ಹೆಸರುಗಳಿವೆ. ಇಂದಿನ ಪಾಠಪುಸ್ತಕ ‘2ನ್ನು ಆಧಾರವಾಗಿಟ್ಟುಕೊಂಡ ಲಾಗರಿದಮ್’ ಎಂದು ಉದ್ದಕ್ಕೆ ಹೇಳುವುದನ್ನು ಆ ಆಚಾರ್ಯರು ಒಂದು ಸಮಾಸದಲ್ಲಿ ಹೇಳಿ ಮುಗಿಸಿದರು.

ಅವರಿಗೆ ಇದು ಏಕೆ ಬೇಕಾಯಿತು? ಜೈನರ ಲೋಕವರ್ಣನೆಯಲ್ಲಿ ನಡುವೆ ಲಕ್ಷ ಯೋಜನ ವಿಸ್ತಾರದ ಜಂಬೂದ್ವೀಪ. ಅದನ್ನು ಬಳಸಿ ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ. ಆಚೆಗೆ ನಾಲ್ಕು ಲಕ್ಷದ ಧಾತಕೀಖಂಡ, ಎಂಟು ಲಕ್ಷದ ಕಾಲೋದ ಸಮುದ್ರ, ಹದಿನಾರು ಲಕ್ಷದ ಪುಷ್ಕರವರ ದ್ವೀಪ. ಪ್ರತಿಯೊಂದು ಬಳೆಯೂ ಹಿಂದಿನದರ ಎರಡರಷ್ಟು. ಹೀಗಿರಲಾಗಿ 1024 ಲಕ್ಷ ಯೋಜನ ಅಗಲದ ಬಳೆ ಎಷ್ಟನೆಯದು ಎಂದು ಯಾರಾದರೂ ಕೇಳಿದರೆ? 1024ನ್ನು ಕತ್ತರಿಸುತ್ತ ಬನ್ನಿ. ಹತ್ತು ಸಲಕ್ಕೆ ಒಂದಾಗುತ್ತದೆ. ಜಂಬೂದ್ವೀಪದಿಂದಾಚೆಗೆ ಹತ್ತನೆಯದು. ಅಂಚೆ ಕಚೇರಿಯ ಪ್ರಶ್ನೆಗೂ ಇದಕ್ಕೂ ವ್ಯತ್ಯಾಸವಿರುವುದು ಗುಣಕದಲ್ಲಿ ಮಾತ್ರ. ಇಲ್ಲಿ ಬಳೆಯಿಂದ ಬಳೆಗೆ 2, ಅಲ್ಲಿ ವರ್ಷದಿಂದ ವರ್ಷಕ್ಕೆ 1.075.

ಧವಲೆಯಲ್ಲಿ ಇನ್ನೊಂದು ನಿಯಮವುಂಟು: ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ. 16ರದು 4, 64ರದು 6. 16ನ್ನು 64ರಿಂದ ಗುಣಿಸಿದರೆ 1024, ಅದರದು 10. ಗುಣಾಕಾರವೆಂಬ ಕಷ್ಟದ ಕೆಲಸ ಸಂಕಲನವೆಂಬ ಸುಲಭದ ಕೆಲಸವಾಗಿ ಇಳಿಯಿತು. ಲಾಗರಿದಮ್ಮಿನ ಸಮಸ್ತ ಉಪಯೋಗವೂ ಈ ಒಂದು ವಾಕ್ಯದಿಂದ ಹೊರಟಿದೆ.

ಇಷ್ಟನ್ನು ಕಂಡೊಡನೆ ಲಾಗರಿದಮ್ಮನ್ನು ನಮ್ಮವರೇ ಕಂಡುಹಿಡಿದರೆಂದು ಎದೆಯುಬ್ಬಿಸುವ ಜನ ಇದ್ದಾರೆ. ನನಗೆ ಆ ಉತ್ಸಾಹವಿಲ್ಲ. ಕಲ್ಪನೆ ಇಲ್ಲಿತ್ತು, ನಿಯಮ ಇಲ್ಲಿತ್ತು. ಅದರಿಂದ ನಿತ್ಯದ ಲೆಕ್ಕಕ್ಕೊದಗುವ ಕೋಷ್ಟಕವೊಂದು ಹುಟ್ಟಲಿಲ್ಲ. ಆ ಕೆಲಸವನ್ನು ಮಾಡಿದವನು ಸ್ಕಾಟ್ಲೆಂಡಿನ ಜಮೀನ್ದಾರ ಜಾನ್ ನೇಪಿಯರ್. ಅವನ ಗ್ರಂಥ 1614ರಲ್ಲಿ ಬೆಳಕು ಕಂಡಿತು. ಅದನ್ನೋದಿದ ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ ಮರುವರ್ಷವೇ ಎಡಿನ್‌ಬರೋಗೆ ಪ್ರಯಾಣ ಮಾಡಿ ಗ್ರಂಥಕರ್ತನನ್ನು ಕಂಡ. ಹತ್ತನ್ನೇ ಆಧಾರವಾಗಿಟ್ಟುಕೊಂಡರೆ ಎಲ್ಲರಿಗೂ ಅನುಕೂಲವೆಂದು ಇಬ್ಬರೂ ಒಪ್ಪಿದರು. ನೇಪಿಯರ್ 1617ರಲ್ಲಿ ತೀರಿಕೊಂಡ. ಬ್ರಿಗ್ಸ್ 1624ರಲ್ಲಿ 30,000 ಸಂಖ್ಯೆಗಳ ಲಾಗನ್ನು ಹದಿನಾಲ್ಕು ದಶಮಾಂಶ ಸ್ಥಾನಗಳವರೆಗೆ ಕೈಯಲ್ಲೇ ಗುಣಿಸಿ ಪ್ರಕಟಿಸಿದ. ಕಾಲೇಜಿನಲ್ಲಿ ನಾವು ಬೆರಳಿಟ್ಟ ಕೋಷ್ಟಕ ಆ ವಂಶದ್ದು.

ಹತ್ತನ್ನು ಆಧಾರವಾಗಿಟ್ಟರೆ 10ರ ಲಾಗ್ 1, 100ರದು 2, 1000ದ್ದು 3. ಸರಿಯಷ್ಟೆ. 2ರ ಲಾಗ್ ಎಷ್ಟು? ಹತ್ತನ್ನು ಎಷ್ಟು ಸಲ ಗುಣಿಸಿದರೆ ಎರಡಾದೀತು? ಒಂದು ಸಲ ಗುಣಿಸಿದರೇ ಹತ್ತಾಗಿಬಿಡುತ್ತದೆ. ಆದಕಾರಣ ಒಂದಕ್ಕಿಂತ ಕಡಮೆ ಸಲ. ಅರೆ ಸಲ ಗುಣಿಸುವುದೆಂದರೇನು ಎಂದು ಬಹಳ ಮಂದಿ ಇಲ್ಲಿಯೇ ಪುಸ್ತಕ ಮುಚ್ಚಿರುತ್ತಾರೆ. ಬಡ್ಡಿಯ ದೃಷ್ಟಾಂತದಿಂದ ನೋಡಿದರೆ ಕಷ್ಟವಿಲ್ಲ. ವರ್ಷಕ್ಕೆ ಎರಡರಷ್ಟಾಗುವ ಹಣವೊಂದಿದೆ ಎಂದುಕೊಳ್ಳಿ. ಆರು ತಿಂಗಳಿಗೆ ಅದು ಒಂದೂವರೆಯಷ್ಟಾಗುವುದಿಲ್ಲ. ಏಕೆಂದರೆ ಮುಂದಿನ ಆರು ತಿಂಗಳಲ್ಲಿಯೂ ಅದೇ ವೇಗದಿಂದ ಬೆಳೆದರೆ ಒಂದೂವರೆಯ ಒಂದೂವರೆ, ಎಂದರೆ 2.25 ಆಗಿ ಲೆಕ್ಕ ಮೀರುತ್ತದೆ. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 2 ಬರುವುದೋ ಆ 1.414ರಷ್ಟಾಗುತ್ತದೆ. ಅರ್ಧ ಸಲ ಗುಣಿಸುವುದೆಂದರೆ ಇದು. ಕಾಲದಲ್ಲಿ ತಿಂಗಳೂ ದಿನವೂ ಇರುವಂತೆ ಘಾತದಲ್ಲಿಯೂ ಚೂರುಗಳಿವೆ.

2ರ ಲಾಗನ್ನು ಅಂದಾಜು ಮಾಡಲು ಪುಸ್ತಕವೂ ಬೇಡ. ಎರಡನ್ನು ಹತ್ತು ಸಲ ಗುಣಿಸಿದರೆ 1024. ಅದು ಸಾವಿರಕ್ಕೆ ಬಲು ಸಮೀಪ. ಸಾವಿರದ ಲಾಗ್ 3. ಎಂದಮೇಲೆ ಎರಡರ ಲಾಗಿನ ಹತ್ತರಷ್ಟು ಮೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಎರಡರ ಲಾಗ್ 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಕೋಷ್ಟಕ ತೆರೆದರೆ 0.3010.

ಈಗ ವಿಕಾಸ ಪತ್ರಕ್ಕೆ ಮರಳೋಣ. ತಿಳಿಯದ ವರ್ಷಗಳ ಸಂಖ್ಯೆಯನ್ನು ‘ಕ್ಷ’ ಎನ್ನೋಣ. 1.075ನ್ನು ಕ್ಷ ಸಲ ಗುಣಿಸಿದರೆ 2 ಬರಬೇಕು. ತಿಳಿಯದ ಸಂಖ್ಯೆ ಕೆಳಗೆ ನೆಲದ ಮೇಲಿಲ್ಲ. ಮೇಲೆ ಘಾತದ ಅಟ್ಟದಲ್ಲಿ ಕುಳಿತಿದೆ. ಇಂಥದನ್ನೇ ಘಾತ ಸಮೀಕರಣವೆನ್ನುವುದು. ಕೂಡುವುದರಿಂದಾಗಲಿ ಕಳೆಯುವುದರಿಂದಾಗಲಿ ಅದನ್ನು ಇಳಿಸಲಾಗದು. ಎರಡೂ ಕಡೆ ಲಾಗ್ ತೆಗೆದುಕೊಂಡರೆ ಇಳಿಯುತ್ತದೆ. ಗುಣಾಕಾರವು ಸಂಕಲನವಾಗುವುದಾದರೆ, ಒಂದೇ ಸಂಖ್ಯೆಯನ್ನು ಕ್ಷ ಸಲ ಗುಣಿಸುವುದು ಅದರ ಲಾಗನ್ನು ಕ್ಷ ಸಲ ಕೂಡುವುದಾಗುತ್ತದೆ ತಾನೆ? ಆದ್ದರಿಂದ:

ಕ್ಷ × ಲಾಗ್ 1.075 = ಲಾಗ್ 2

ಎಂದರೆ ಕ್ಷ × 0.0314 = 0.3010. ಭಾಗಿಸಿದರೆ ಕ್ಷ ಸುಮಾರು 9.58 ವರ್ಷ. ಹನ್ನೆರಡರಿಂದ ಗುಣಿಸಿ, 115 ತಿಂಗಳು. 2014ರ ದರ ಶೇಕಡ 8.7 ಆಗಿತ್ತು, ಅದೇ ಲೆಕ್ಕ ಹಾಕಿದರೆ 100 ತಿಂಗಳಿಗೆ ಬಂದು ನಿಲ್ಲುತ್ತದೆ. 1988ರದನ್ನು ಹಿಂದುಮುಂದಾಗಿ ಕೇಳಬಹುದು: ಐದೂವರೆ ವರ್ಷಕ್ಕೆ ಇಮ್ಮಡಿ ಎಂದರೆ ಬಡ್ಡಿ ಎಷ್ಟಾಯಿತು? 0.3010ನ್ನು 5.5ರಿಂದ ಭಾಗಿಸಿದರೆ 0.0547, ಯಾವ ಸಂಖ್ಯೆಯ ಲಾಗ್ ಅದು ಎಂದು ನೋಡಿದರೆ 1.134. ನೂರಕ್ಕೆ ಹದಿಮೂರು ರೂಪಾಯಿ ನಲವತ್ತು ಪೈಸೆ. ಹಿರಿಯರು ಆ ಕಾಲವನ್ನು ನೆನೆದು ನಿಟ್ಟುಸಿರಿಡುವುದರಲ್ಲಿ ಅರ್ಥವಿದೆ. ಆದರೆ ಅಂದು ಬೆಲೆಗಳೂ ಬೇಗ ಏರುತ್ತಿದ್ದುವೆಂಬುದನ್ನು ಅವರು ಸಾಮಾನ್ಯವಾಗಿ ಮರೆತಿರುತ್ತಾರೆ.

ಒಂದು ಎಚ್ಚರಿಕೆ. ಇಲ್ಲಿ ಭಾಗಿಸುವುದು ಲಾಗನ್ನು ಲಾಗಿನಿಂದ, 2ನ್ನು 1.075ರಿಂದ ಭಾಗಿಸಿ ಬಂದುದರ ಲಾಗ್ ನೋಡುವುದಲ್ಲ. ಪರೀಕ್ಷೆಯಲ್ಲಿ ಅರ್ಧ ತರಗತಿ ಈ ಹಳ್ಳಕ್ಕೆ ಬೀಳುತ್ತದೆಂದು ಗಣಿತ ವಿಭಾಗದ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಈಗ ಕೋಷ್ಟಕದ ಪುಸ್ತಕವನ್ನು ಹುಡುಕಬೇಕಾಗಿಯೂ ಇಲ್ಲ. ಬಹಳಷ್ಟು ಫೋನುಗಳ ಲೆಕ್ಕದ ಪುಟದಲ್ಲಿ ಲಾಗ್ ಎಂಬ ಗುಂಡಿಯೊಂದಿರುತ್ತದೆ. ಕೊಂಡ ದಿನದಿಂದ ಯಾರೂ ಅದನ್ನು ಒತ್ತಿರುವುದಿಲ್ಲ, ಅಷ್ಟೆ.

ಬೆಳೆಯುವ ಹಣಕ್ಕೆ ಹೇಳಿದುದು ಬೆಳೆಯುವ ಸಾಲಕ್ಕೂ ಸಲ್ಲುತ್ತದೆ. ಅವಸರಕ್ಕೆ ಕೈಸಾಲ ಕೊಡುವವರ ದರ ‘ನೂರಕ್ಕೆ ಮೂರು’ ಎಂದು ಕೇಳಿಸುವಾಗ ಹಗುರವಾಗಿಯೇ ಕೇಳಿಸುತ್ತದೆ. ಅದು ತಿಂಗಳಿಗೆ ಎಂಬುದನ್ನು ಸಣ್ಣ ದನಿಯಲ್ಲಿ ಹೇಳುವುದು ವಾಡಿಕೆ. ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸುತ್ತ ಹೋದರೆ ಇಮ್ಮಡಿಯಾಗುವುದು ಎಂದಿಗೆ? 1.03ರ ಲಾಗ್ 0.0128. 0.3010ನ್ನು ಅದರಿಂದ ಭಾಗಿಸಿದರೆ ಇಪ್ಪತ್ತಮೂರೂವರೆ ತಿಂಗಳು. ಎರಡು ವರ್ಷವೂ ತುಂಬುವುದಿಲ್ಲ. ಹತ್ತರಷ್ಟಾಗುವುದು ಎಂದಿಗೆ? 10ರ ಲಾಗ್ 1 ಆದುದರಿಂದ ಒಂದನ್ನು 0.0128ರಿಂದ ಭಾಗಿಸಿದರೆ 78 ತಿಂಗಳು. ಹತ್ತು ಸಾವಿರದ ಸಾಲ ಆರೂವರೆ ವರ್ಷದಲ್ಲಿ ಲಕ್ಷವಾಗುತ್ತದೆ. ವಿಕಾಸ ಪತ್ರ ಒಮ್ಮೆ ಇಮ್ಮಡಿಯಾಗುವುದಕ್ಕೂ ಮುಂಚೆ!

ಲಾಗ್ ಬೇಡವೆನ್ನುವವರಿಗೆ ವ್ಯಾಪಾರಿಗಳ ಹಳೆಯ ಒಳದಾರಿಯೊಂದಿದೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಕಾಲ ಬರುತ್ತದೆ. ಇಟಲಿಯ ಲೂಕಾ ಪಾಚೋಲಿ 1494ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ನೇಪಿಯರ್ ಹುಟ್ಟುವುದಕ್ಕೂ ಮೊದಲು. ಏಳೂವರೆಗೆ 9.6 ವರ್ಷ, ತಿಂಗಳಿಗೆ ಮೂರರಂತೆ 24 ತಿಂಗಳು, ಬಾಯಿಲೆಕ್ಕಕ್ಕೆ ಸಾಕು. ಆದರೆ ಈ 72 ಇಮ್ಮಡಿಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಜೀವನದಲ್ಲಿ ಎದುರಾಗುವ ಪ್ರಶ್ನೆಗಳು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಅಂಥದೊಂದನ್ನು ನಮ್ಮ ಬೀದಿಯ ರಾಯರೊಬ್ಬರು ತಂದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಹತ್ತು ವರ್ಷದವಳೊಬ್ಬಳು, ಆರು ವರ್ಷದವಳೊಬ್ಬಳು. “ಮೇಷ್ಟ್ರೇ, ಇಬ್ಬರ ಓದಿಗೂ ತಲಾ ಐದು ಲಕ್ಷ ಇಟ್ಟುಬಿಟ್ಟೆ. ಈಗ ಆ ಕೋರ್ಸಿಗೆ ಒಟ್ಟು ನಾಲ್ಕು ಲಕ್ಷ ಆಗುತ್ತೆ. ನನ್ನದು ಶೇಕಡ ಏಳರಂತೆ ಬೆಳೆಯುತ್ತೆ. ಖರ್ಚು ವರ್ಷಕ್ಕೆ ಶೇಕಡ ಹತ್ತರಂತೆ ಏರಿದರೂ ಒಂದು ಲಕ್ಷ ಮುಂದಿದ್ದೇನಲ್ಲ?” ಎಂದರು. ಅವರ ಶ್ರೀಮತಿಯವರು, “ದೊಡ್ಡವಳದೇ ನನಗೆ ಯೋಚನೆ. ಚಿಕ್ಕವಳ ಹಣ ಇನ್ನೂ ನಾಲ್ಕು ವರ್ಷ ಹೆಚ್ಚಿಗೆ ಬೆಳೆಯುತ್ತೆ, ಅವಳಿಗೆ ತೊಂದರೆಯಿಲ್ಲ” ಎಂದು ಸೇರಿಸಿದರು.

ಕೇಳುವುದಕ್ಕೆ ನ್ಯಾಯವಾದ ಮಾತು. ಲೆಕ್ಕ ಹಾಕಿದೆವು. ನಾಲ್ಕು ಲಕ್ಷ 1.10ರಂತೆ, ಐದು ಲಕ್ಷ 1.07ರಂತೆ ಬೆಳೆಯುತ್ತ ಎರಡೂ ಸಮನಾಗುವುದು ಎಂದಿಗೆ? ಕ್ಷ ಎರಡೂ ಕಡೆ ಅಟ್ಟದ ಮೇಲಿದೆ. ಲಾಗ್ ತೆಗೆದುಕೊಂಡರೆ ಲಾಗ್ 4 ಮತ್ತು ಕ್ಷ × 0.0414 ಒಂದು ಕಡೆ. ಲಾಗ್ 5 ಮತ್ತು ಕ್ಷ × 0.0294 ಇನ್ನೊಂದು ಕಡೆ. ಲಾಗ್ 5ರಲ್ಲಿ ಲಾಗ್ 4ನ್ನು ಕಳೆದರೆ 0.0969. ಇನ್ನೆರಡರ ಅಂತರ 0.0120. ಭಾಗಿಸಿದರೆ ಎಂಟು ವರ್ಷಕ್ಕೆ ಕೂದಲೆಳೆಯಷ್ಟು ಹೆಚ್ಚು. ಆ ಲಕ್ಷ ರೂಪಾಯಿಯ ಮುನ್ನಡೆ ಎಂಟು ವರ್ಷಕ್ಕೆ ಕರಗಿಹೋಗುತ್ತದೆ.

ದೊಡ್ಡ ಹುಡುಗಿ ಕಾಲೇಜು ಸೇರುವುದು ಸರಿಯಾಗಿ ಎಂಟು ವರ್ಷಕ್ಕೆ. ಅಂದಿನ ಖರ್ಚು 8,57,436. ಅವಳ ಹೆಸರಿನಲ್ಲಿರುವುದು 8,59,093. ದಡ ಮುಟ್ಟಿದಳು, ಕೈಯಲ್ಲಿ ಸಾವಿರದಾರುನೂರು ಚಿಲ್ಲರೆ ಉಳಿಸಿಕೊಂಡು. ಚಿಕ್ಕವಳಿಗೆ ಹನ್ನೆರಡು ವರ್ಷವಿದೆ. ಅಂದಿನ ಖರ್ಚು 12,55,371, ಅವಳದು 11,26,096. ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರ ಕಡಮೆ. ಓಟದಲ್ಲಿ ಹಿಂದಿನವನ ವೇಗ ಹೆಚ್ಚಾಗಿದ್ದರೆ ದೂರ ಹೆಚ್ಚಿದಷ್ಟೂ ಮುಂದಿನವನಿಗೆ ಅಪಾಯ. ತಾಯಿ ಯಾರ ಬಗ್ಗೆ ನಿಶ್ಚಿಂತರಾಗಿದ್ದರೋ ಅವಳೇ ಹಿಂದುಳಿದಳು.

ರಾಯರು ಸುಮ್ಮನಾದರು. ಬಳಿಕ, “ಖರ್ಚು ಹತ್ತರ ಬದಲು ಒಂಬತ್ತರಂತೆ ಏರಿದರೆ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. 1.09ರ ಲಾಗ್ 0.0374, ಅಂತರ 0.0080. 0.0969ನ್ನು ಅದರಿಂದ ಭಾಗಿಸಿದರೆ ಹನ್ನೆರಡು ವರ್ಷ ದಾಟುತ್ತದೆ, ಚಿಕ್ಕವಳೂ ಪಾರಾಗುತ್ತಾಳೆ. ಶೇಕಡ ಒಂದರ ಬದಲಾವಣೆಯಿಂದ ಎಂಟು ವರ್ಷ ಹನ್ನೆರಡಾಯಿತು! ಇಂಥ ಲೆಕ್ಕದಲ್ಲಿ ದರದ ಊಹೆ ಸ್ವಲ್ಪ ಅಲುಗಿದರೂ ಕಾಲ ಬಹಳ ಅಲುಗುತ್ತದೆಂಬುದನ್ನು ನೆನಪಿಡಬೇಕು. ವರ್ಷಕ್ಕೊಮ್ಮೆ ಹೊಸ ದರಗಳನ್ನಿಟ್ಟು ಮತ್ತೆ ಲೆಕ್ಕ ಹಾಕುವುದು ಕ್ಷೇಮ.

“ಒಂಬತ್ತನ್ನು ನಂಬಿ ಕೂರುವುದು ಬೇಡ. ಹತ್ತಾದರೆ ಈಗ ಎಷ್ಟು ಸೇರಿಸಬೇಕು?” ಎಂದರು ಶ್ರೀಮತಿಯವರು. 4ರ ಲಾಗ್ 0.6021, ಅದಕ್ಕೆ ಹನ್ನೆರಡು ಸಲ 0.0120 ಕೂಡಿಸಿದರೆ 0.7461. ಅದು 5.57ರ ಲಾಗ್. ಐದು ಲಕ್ಷದ ಬದಲು ಐದು ಲಕ್ಷ ಐವತ್ತೇಳು ಸಾವಿರ ಚಿಲ್ಲರೆ ಇರಬೇಕಾಗಿತ್ತು. ಸೂಕ್ಷ್ಮವಾಗಿ ನೋಡಿದರೆ ಇನ್ನೂ 57,400 ರೂಪಾಯಿ.

“ದೀಪಾವಳಿಗೆ ಬೋನಸ್ ಬರುತ್ತೆ, ಆಗ ಹಾಕಿದರಾಯಿತು” ಎಂದರು ರಾಯರು.

“ದೀಪಾವಳಿಗೆ ಇನ್ನೂ ಏಳು ತಿಂಗಳಿದೆ. ಆಗ ಎಷ್ಟಾಗುತ್ತೆ, ಅದನ್ನೂ ಹೇಳಿಬಿಡಿ ಮೇಷ್ಟ್ರೇ” ಎಂದರು ಆಕೆ.

ಏಳು ತಿಂಗಳೆಂದರೆ ವರ್ಷದ ಹನ್ನೆರಡರಲ್ಲಿ ಏಳು ಪಾಲು. 0.0294ನ್ನು ಏಳರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ 0.0172, ಅದು 1.04ರ ಲಾಗ್. 57,400 ಎಂಬುದು 59,700 ಆಗುತ್ತದೆ. ಆಕೆ ಆ ಸಂಖ್ಯೆಯನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು.